ನಲವತ್ತನೇ ದಿನದ ರಜೆ

ಅಲ್ಲ ಸವೇತಾ, ನಿನ್ನೆ ಬರೆದಿದ್ದೆನಲ್ಲ, ಆ ಮೇಲ್ಮನವಿಯೂ ಇವತ್ತು ಕೋರ್ಟಿನಲ್ಲಿ ಬಿದ್ದುಹೋಯಿತು. ನಿರುದ್ಯೋಗ ಭತ್ಯೆ ಕೊಡುವುದಿಲ್ಲವಂತೆ. ನೀನು ತೀರಿಹೋದ ನಲವತ್ತನೇ ದಿನ ನಾನು ಗಾಜಿನ ಕಾರ್ಖಾನೆಗೆ ಹೇಳದೆ ಕೇಳದೆ ಗೈರಾದೆನಂತೆ, ಕೆಲಸ ಕಳೆದುಕೊಂಡದ್ದು ನನ್ನದೇ ತಪ್ಪಂತೆ. ಅವತ್ತು ರಜೆ ಅರ್ಜಿ ಬರೆಯಬೇಕೆಂದೇ ಇದ್ದೆ. ಬರೆಯಲು ಕೂತರೆ ಮೇಸ್ತ್ರಿ ಗೇಲು ತಡೆದಿದ್ದ.

“ಸತ್ತ ಹೆಂಡ್ತಿಯ ನಲವತ್ತರ ಊಟಕ್ಕೆ ಯಾರಣ್ಣ ಅರ್ಜಿ ಬರೀತಾರೆ? ನಡಿ, ನಾನೂ ಬರ್ತೀನಿ.”

ಬಂದ. ನಿನ್ನ ಹೆಸರಿನ ಕೊಲಿವಾ, ಆ ಬೇಯಿಸಿದ ಗೋಧಿಯ ಸಿಹಿ, ಎರಡು ಸಲ ಹಾಕಿಸಿಕೊಂಡು ತಿಂದ. ಇವತ್ತು ಸಾಕ್ಷಿಕಟ್ಟೆಯಲ್ಲಿ ಶಿಲುಬೆಯ ಮೇಲೆ ಕೈಯಿಟ್ಟು, “ನಂಗೇನೂ ಗೊತ್ತಿಲ್ಲ ಮೇಡಂ” ಅಂದ.

ವಿಚಾರಣೆಯ ನಡುವೆ ಹೊರಗೆ ನಿಂತಾಗ ಅವನನ್ನು ಕೇಳಿದೆ: “ಕೊಲಿವಾದ ರುಚಿಯಾದ್ರೂ ನೆನಪಿದ್ಯೇನೋ?”

“ನನ್ನ ಹೊಟ್ಟೆ ಮೇಲೆ ಹೊಡೀಬೇಡಣ್ಣ. ಕಂಪನಿಯವ್ರು ನೋಡ್ತಿದ್ದಾರೆ.”

ಐವತ್ತೆಂಟರ ನನಗೆ ಇನ್ಯಾರು ಕೆಲಸ ಕೊಡುತ್ತಾರೆ, ಹೇಳು? ಚಳಿಗಾಲಕ್ಕೆ ಸೌದೆಯೂ ಇಲ್ಲ.

ನ್ಯಾಯಾಧೀಶೆ ಕೊನೆಗೆ ಕೇಳಿದರು: “ಇದಕ್ಕೆ ಮುಂಚೆ ಎಷ್ಟು ದಿನ ತಪ್ಪಿಸಿದ್ದೀರಿ?”

“ಇಪ್ಪತ್ತಾರು ವರ್ಷದಲ್ಲಿ ಒಂದು ದಿನಾನೂ ಇಲ್ಲ ತಾಯಿ” ಎಂದೆ, ಎದೆಯುಬ್ಬಿಸಿ.

ಹೇಳಿದ ಮೇಲೆ, ನೀನು ಒಬ್ಬಳೇ ಬೊತೊಶಾನಿ ಪಟ್ಟಣದ ಬಸ್ಸು ಹತ್ತಿ ಆಸ್ಪತ್ರೆಗೆ ಹೋದ ಮಂಗಳವಾರ ನೆನಪಾಯಿತು. ಜೊತೆಗೆ ಬಾ ಅಂದಿದ್ದೆ ನೀನು. ಆಮೇಲೆ ನ್ಯಾಯಾಧೀಶೆ ಓದಿದ ತೀರ್ಪು ನನಗೆ ಕೇಳಿಸಲೇ ಇಲ್ಲ. ವಕೀಲ ಭುಜ ಮುಟ್ಟಿದಾಗ ಎಲ್ಲ ಮುಗಿದಿತ್ತು.

ಆ ಮಂಗಳವಾರ ಸಂಜೆ ನಾನು ಕಾರ್ಖಾನೆಯಿಂದ ಮನೆಗೆ ಬಂದಾಗ, ಡಾಕ್ಟರು ಏನಂದರು ಎಂದು ನಿನ್ನನ್ನು ಕೇಳಿದ್ದೆನಾ? ಕೇಳಿರಬೇಕು. ಬೆಳಕು ಹೋಗುತ್ತಿದೆ, ಬರೆದ ಅಕ್ಷರ ಕಾಣುತ್ತಿಲ್ಲ.