ದಾಳಿಂಬೆಗೆ ಬೇಡದ ನೀರು

ಜನವರಿ 8, ಬೆಳಿಗ್ಗೆ

ತೋಟಕ್ಕೆ ಒಂದು ಸುತ್ತು. ದಾಳಿಂಬೆ ಎಲೆ ಹಳದಿ ತಿರುಗಿ ಅರ್ಧ ಉದುರಿದೆ. ಚೆನ್ನಾಗಿದೆ. ಇನ್ನಷ್ಟು ದಿನ ಬಾಯಾರಲಿ. ಆಮೇಲೆ ಗೊಬ್ಬರ ಹಾಕಿ ನೀರು ಬಿಟ್ಟರೆ ಗಿಡದ ತುಂಬ ಹೂವು. ಬೇಲಿಯಾಚೆ ಕ್ಲಬ್ಬಿನ ಫುಟ್‌ಬಾಲ್ ಮೈದಾನ. ಅಲ್ಲಿನ ಹುಲ್ಲು ನೋಡಿಕೊಳ್ಳುವುದು ಮೈದುನನ ಕೆಲಸ. ದಿನಾ ಸ್ಪ್ರಿಂಕ್ಲರ್. ಎರಡಕ್ಕೂ ಒಂದೇ ಬಾವಿ.

ಬೇಲಿ ಮೇಲಿಂದ ಇಣುಕಿದ. "ಅತ್ತಿಗೆ, ಗಿಡ ಸಾಯ್ತಾ ಇದಾವಲ್ಲ!"

"ಸಾಯ್ತಿಲ್ಲ. ರೆಸ್ಟ್ ಕೊಟ್ಟಿದೀನಿ. ಒಂದು ಹನಿ ನೀರೂ ಬೇಡ. ನೀನು ನಿನ್ನ ಹುಲ್ಲು ನೋಡ್ಕೋ."

ನಕ್ಕ.

ಜನವರಿ 11

ತಂಗಿಗೆ ಹೆರಿಗೆ ನೋವು. ಬಸ್ಸಿಗೆ ಓಡಬೇಕು. ತೋಟದ ವಾಲ್ವ್ ಯಾರೂ ಮುಟ್ಟಬಾರದು ಎಂದು ಇವರಿಗೆ ಒತ್ತಿ ಒತ್ತಿ ಹೇಳಿದೆ. "ಆಯ್ತು ಕಣೇ" — ಪೇಪರಿನಿಂದ ತಲೆ ಎತ್ತಲಿಲ್ಲ.

ಜನವರಿ 30, ಸಂಜೆ

ಬಂದೆ. ಬ್ಯಾಗ್ ಕೂಡ ಒಳಗಿಡಲಿಲ್ಲ. ತೋಟ ಹಸಿರೋ ಹಸಿರು! ಎಲ್ಲೆಲ್ಲೂ ಎಳೆ ಚಿಗುರು. ಹುಡುಕಿದರೂ ಒಂದು ಮೊಗ್ಗಿಲ್ಲ... ಕಾಲ ಕೆಳಗೆ ಮಣ್ಣು ಪಚಪಚ.

ಮೈದುನ ಓಡಿ ಬಂದ. ಮುಖ ಅರಳಿತ್ತು. "ಹೇಗಿದೆ ಅತ್ತಿಗೆ? ಹುಲ್ಲಿಗೆ ಬಿಟ್ಟ ಹಾಗೇ ದಿನಾ ಬಿಟ್ಟೆ. ಪಾಪ ಅನ್ನಿಸ್ತು."

ಪಾಪವಂತೆ! ಅವನ ಹುಲ್ಲಿಗೆ ಎಲೆ ಬಂದರೆ ಸಾಕು. ನನಗೆ ಬೇಕಾದ್ದು ಹೂವು. ಇಷ್ಟು ದಿನ ಒಣಗಿಸಿದ್ದೆಲ್ಲ ನೀರುಪಾಲು. ಸೀದಾ ಹೋಗಿ ವಾಲ್ವ್ ತಿರುಗಿಸಿ ನಿಲ್ಲಿಸಿದೆ.

ಜನವರಿ 31

ಇವರಿಗೆ ಗೊತ್ತಿತ್ತು! ನೋಡಿಕೊಂಡೇ ಸುಮ್ಮನಿದ್ದರು.

"ಒಳ್ಳೇ ಮನಸ್ಸಿಂದ ಮಾಡ್ದ. ಬಿಡು."

"ನಾನೂ ಒಳ್ಳೇ ಮನಸ್ಸಿಂದ ಹೋಗಿ ಅವನ ಮೈದಾನ ಉತ್ತು ಬರ್ಲಾ?"

ಪೇಪರು ಬಿಡಿಸಿಕೊಂಡರು. ಈ ಸಲದ ಬೆಳೆ ಹೋಯಿತು. ಅದು ಬೆಳೆ ಎಂದೂ ಯಾರಿಗೂ ಅನ್ನಿಸಿಲ್ಲ. ನಾನು ಗಿಡಗಳನ್ನು ಮರೆತು ಒಣಗಿಸಿದ್ದೆ, ಇವರೆಲ್ಲ ಸೇರಿ ಬದುಕಿಸಿದರು... ಇವರ ಲೆಕ್ಕ ಹಾಗೆ!

ಫೆಬ್ರವರಿ 14

ಮಾರ್ಕೆಟ್ಟಿನಲ್ಲಿ ವರ್ಷವೂ ನಮ್ಮ ದಾಳಿಂಬೆ ಕೊಳ್ಳುವ ಹಣ್ಣಿನ ವ್ಯಾಪಾರಿ ಸಿಕ್ಕಿದರು. "ತೋಟಕ್ಕೆ ರೋಗ ಬಂತಂತಲ್ಲಮ್ಮ? ನಿಮ್ಮ ಯಜಮಾನ್ರು ಹೇಳಿದ್ರು. ನಾನು ಬೇರೆ ತೋಟ ನೋಡ್ತಿದೀನಿ."

ರೋಗ! ತಮ್ಮನ ಮಾನ ಉಳಿಯಬೇಕು, ಅದಕ್ಕೆ ನನ್ನ ಗಿಡಗಳಿಗೆ ರೋಗ. ಮೈಯೆಲ್ಲ ಉರಿಯಿತು. ನಾಳೆ ಬಂದು ಕಣ್ಣಾರೆ ನೋಡಿ ಎಂದೆ.

ಫೆಬ್ರವರಿ 15

ವ್ಯಾಪಾರಿ ಬಂದರು. ಇವರನ್ನೂ ಪಕ್ಕದಲ್ಲೇ ನಿಲ್ಲಿಸಿಕೊಂಡೆ. ಎಲೆ ತಿರುಗಿಸಿ ಇವರ ಮುಂದೆ ಹಿಡಿದೆ. "ರೋಗ ಎಲ್ಲಿದೆ, ತೋರ್ಸಿ."

ಇವರು ಕೆಮ್ಮಿದರು. "ಅದು... ಬೇರಲ್ಲಿ ಏನೋ..."

ಬೇಲಿಯಾಚೆ ಮೈದುನ ಪೈಪು ಬಿಸಾಕಿ ಈಚೆ ಬಂದ.

"ರೋಗವೂ ಇಲ್ಲ, ಗೀಗವೂ ಇಲ್ಲ. ಅತ್ತಿಗೆ ಬೇಡ ಅಂದಿದ್ರು. ನೀರು ಬಿಟ್ಟು ಕೆಡಿಸಿದ್ದು ನಾನು. ಅಣ್ಣಾ, ನನಗೋಸ್ಕರ ಸುಳ್ಳು ಹೇಳ್ಬೇಡ."

ವ್ಯಾಪಾರಿ ಮುಂದಿನ ಬೆಳೆಗೆ ಬರುತ್ತಾರಂತೆ. ಮೈದುನನ ಮೇಲಿನ ಕೋಪ ಅರ್ಧ ಇಳಿಯಿತು. ಇವರ ಮೇಲಿನದ್ದು ಎರಡರಷ್ಟಾಯಿತು.

ಫೆಬ್ರವರಿ 16, ಮಧ್ಯಾಹ್ನ

ಇವರು ಬಾಗಿಲಲ್ಲಿ ನಿಂತಿದ್ದಾರೆ. ಕೈಯಲ್ಲಿ ನನಗಾಗಿ ಚಹಾ. ತಮ್ಮನಿಗೆ ಬಂದ ಬಾಯಿ ಅಣ್ಣನಿಗೆ ಯಾಕೆ ಬರುವುದಿಲ್ಲ? ತಪ್ಪಾಯಿತು ಎಂಬ ಒಂದು ಮಾತು, ಅಷ್ಟೇ... ಹತ್ತಿರ ಬಂದರು. ಹೇಳುತ್ತಾರೇನೋ.

"ಸಕ್ಕರೆ ಸಾಕಾ ನೋಡು."

ಸಕ್ಕರೆ! ಇರಲಿ, ಇವತ್ತು ಇವರಿಗೆ ಆ ಮಾತು ಬಾಯಿಂದ ಬರುವವರೆಗೂ ಊಟವಿಲ್ಲ.