ದೊಡ್ಡೋನನ್ನು ಚಿಕ್ಕೋನಿಗೆ ತೋರಿಸಿದ್ದು

ಸೋಮವಾರ, ಊಟದ ಬಿಡುವು
ಚೀತಾ ಆವರಣದ ಹಿಂದಿನ ಕೋಣೆ

ನನ್ನ ಗುಮ್ಮನಗುಸುಕರಿಗೆ,

ಬೈಯುವುದಕ್ಕೆ ಬರೆದಿದ್ದಾಳೆ ಅಂದುಕೊಂಡು ಕಾಗದ ಮಡಚಿಡಬೇಡಿ. ವಾಪಸು ಬನ್ನಿ ಅಂತಲೂ ಕರೆಯುತ್ತಿಲ್ಲ. ನನಗೆ ಬೇಕಾದದ್ದು ಒಂದೇ. ನಮ್ಮ ಮಗಳ ಮುಖ ಹೇಗಿತ್ತು, ಬರೆದು ಕಳಿಸಿ. ನಮ್ಮಿಬ್ಬರಲ್ಲಿ ಅವಳನ್ನು ನೋಡಿದವರು ನೀವು ಮಾತ್ರ.

ಇದ್ದಕ್ಕಿದ್ದಂತೆ ಯಾಕೆ ಕೇಳುತ್ತಿದ್ದೇನೆ ಅಂದರೆ, ನಮ್ಮ ಚೀತಾ ಅಣ್ಣತಮ್ಮಂದಿರಲ್ಲಿ ದೊಡ್ಡೋನು ಸತ್ತ. ನೀವು ಮಾಂಸದ ವ್ಯಾನು ತಂದಾಗಲೆಲ್ಲ ಬೇಲಿಗೆ ಮೈಯುಜ್ಜುತ್ತಿದ್ದನಲ್ಲ, ಅವನೇ. ಮೂತ್ರಪಿಂಡ ಕೈಕೊಟ್ಟಿತ್ತು. ಚಿಕಿತ್ಸೆಯ ಕೋಣೆಗೆ ಕರೆದೊಯ್ದಿದ್ದೆವು, ಅಲ್ಲಿಯೇ ಕಣ್ಣು ಮುಚ್ಚಿದ.

ಚೀತಾಗಳ ಸಂಸಾರ ನಿಮಗೂ ಗೊತ್ತು. ತಾಯಿ ಬೇಟೆ ಕಲಿಸಿ, ಒಂದು ದಿನ ಮಕ್ಕಳನ್ನು ಬಿಟ್ಟು ಎದ್ದು ಹೋಗುತ್ತಾಳೆ. ಹೆಣ್ಣುಮರಿಗಳು ಬೆಳೆದು ತಮ್ಮ ತಮ್ಮ ದಾರಿ ಹಿಡಿದು ಒಂಟಿಯಾಗಿ ಬಾಳುತ್ತವೆ. ಒಡಹುಟ್ಟಿದ ಗಂಡುಗಳು ಮಾತ್ರ ಸಾಯುವ ತನಕ ಜೊತೆ ಬಿಡುವುದಿಲ್ಲ. ಮಲಗುವುದು ಒಂದೇ ನೆರಳಲ್ಲಿ, ತಿಂದ ಮೇಲೆ ಒಬ್ಬನ ಮುಖವನ್ನು ಇನ್ನೊಬ್ಬ ನೆಕ್ಕಿ ತೊಳೆಯಬೇಕು. ಗರ್ಜನೆಯೂ ಬಾರದ ಪ್ರಾಣಿ. ಜೊತೆಗಾರ ಕಾಣದಿದ್ದರೆ ಹಕ್ಕಿಯ ಹಾಗೆ ಚಿಂವ್ ಚಿಂವ್ ಅಂತ ಕರೆಯುತ್ತದೆ.

ಚಿಕ್ಕೋನು ಹಾಗೆ ಕರೆಯುತ್ತಾ ಬೇಲಿಯುದ್ದಕ್ಕೂ ಅಲೆದ. ಮಾಂಸ ಮುಟ್ಟಲಿಲ್ಲ. ಅಣ್ಣ ಮಲಗುತ್ತಿದ್ದ ಗೂಡಿಗೆ ಹೋಗಿ ಮೂಸುವುದು, ಹೊರಗೆ ಬರುವುದು, ಮತ್ತೆ ಹೋಗುವುದು. ದೇಹವನ್ನು ಇವನಿಗೆ ಒಮ್ಮೆ ತೋರಿಸೋಣ ಅಂತ ನಾನು ಕೇಳಿಕೊಂಡೆ. ಡಾಕ್ಟರು, ಸತ್ತಿದ್ದನ್ನ ಯಾಕಮ್ಮ ತೋರಿಸ್ತೀಯ, ನೋಡಿದ್ರೆ ಇನ್ನೂ ಕೊರಗುತ್ತೆ, ನೋಡದಿದ್ರೆ ತಾನಾಗೇ ಮರ್ತುಬಿಡುತ್ತೆ ಅಂದರು.

ನನ್ನ ಮೈಯೆಲ್ಲ ಉರಿದುಹೋಯಿತು. ಆಸ್ಪತ್ರೆಯಲ್ಲಿ ನಿಮ್ಮ ಅಮ್ಮ ಹೇಳಿದ್ದೂ ಇದೇ ಮಾತು, ನೀವು ತಲೆಯಾಡಿಸಿದ್ದೂ ಇದೇ ಮಾತಿಗೆ ತಾನೆ? ಮರೆಯೋದು ಬಿಡೋದು ಅವನಿಗೆ ಬಿಟ್ಟಿದ್ದು ಸಾರ್, ಮೊದಲು ನೋಡ್ಲಿ ಅಂದೆ. ದನಿ ಏರಿತ್ತು ಅಂತ ಕಾಣುತ್ತೆ, ಡಾಕ್ಟರು ದಾರಿ ಬಿಟ್ಟರು.

ಮರದಡಿ ಗೋಣಿ ಹಾಸಿ ದೊಡ್ಡೋನನ್ನು ಮಲಗಿಸಿದೆವು. ಚಿಕ್ಕೋನು ಓಡಿ ಬಂದ. ಮೂಸಿದ, ಮುಖ ತೊಳೆದ, ಏಳು ಅನ್ನುವಂತೆ ಕಾಲನ್ನು ಮೆಲ್ಲಗೆ ಕಚ್ಚಿ ಎಳೆದ. ಆಮೇಲೆ ಅಣ್ಣನ ಮೇಲೆ ಕತ್ತು ಚಾಚಿ ಮಲಗಿಬಿಟ್ಟ. ಬಿಸಿಲು ಇಳಿದ ಮೇಲೆ ತಾನಾಗಿಯೇ ಎದ್ದು ಪಕ್ಕಕ್ಕೆ ಹೋದ. ಇವತ್ತೂ ಕರೆಯುತ್ತಿದ್ದಾನೆ, ಸುಳ್ಳು ಯಾಕೆ ಹೇಳಲಿ. ಆದರೆ ಗೂಡಿಗೆ ಹೋಗಿ ಹುಡುಕುತ್ತಿಲ್ಲ.

ನಾನು ಇನ್ನೂ ಹುಡುಕುತ್ತಿದ್ದೇನೆ ರೀ. ಚೀತಾ ನೋಡಲು ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಬರುತ್ತಾರೆ. ಈ ಮೂಗು ಇರಬಹುದೇ, ಈ ಹಣೆ ಇರಬಹುದೇ ಅಂತ ಒಂದೊಂದನ್ನೂ ನೋಡುತ್ತೇನೆ. ಮೊನ್ನೆ ಒಬ್ಬಾಕೆ ಹೆದರಿ ಮಗುವಿನ ಮುಖಕ್ಕೆ ಸೆರಗು ಮುಚ್ಚಿದಳು.

ಹೆರಿಗೆಯಾಗಿ ನನಗೆ ಪ್ರಜ್ಞೆ ಬರುವಷ್ಟರಲ್ಲಿ ನೀವು ಅವಳನ್ನು ಮಣ್ಣು ಮಾಡಿ, ಎಲ್ಲ ಮುಗಿಸಿ ಬಂದಿದ್ದಿರಿ. ನನ್ನ ಒಳ್ಳೆಯದಕ್ಕೇ ಮಾಡಿದಿರಿ, ಗೊತ್ತು. ಕೇಳಿದಾಗಲೆಲ್ಲ ಆಗಿದ್ದು ಆಯ್ತು ಬಿಡು ಅಂದಿರಿ. ಕೊನೆಗೆ, ಇವಳ ಬಾಯಿಗೆ ಸಿಗುವುದೇ ಬೇಡ ಅಂತ ನಿಮ್ಮ ಅಕ್ಕನ ಮನೆ ಸೇರಿದಿರಿ. ಹೊಟ್ಟೆಯಲ್ಲಿ ಹೊತ್ತವಳಿಗೆ ಅಷ್ಟೂ ಹಕ್ಕಿಲ್ಲವೇ? ಕೂದಲಿತ್ತೇ, ಕಣ್ಣು ಮುಚ್ಚಿತ್ತೇ, ಅಷ್ಟಾದರೂ ಬರೆಯಿರಿ. ನಿಮಗೆ ಬರೆಯಲು ಕಷ್ಟ ಅಂತ ಗೊತ್ತಿದ್ದೇ ಕೇಳುತ್ತಿದ್ದೇನೆ.

ಇಂತಿ,
ನಿಮ್ಮ ಬಾಯಿಬಡುಕಿ

ಮರೆತ ಮಾತಲ್ಲ, ಬರೆಯಲೋ ಬೇಡವೋ ಅಂತ ಬಿಟ್ಟಿದ್ದೆ. ನಿಮ್ಮ ಅಕ್ಕ ಬಂದಿದ್ದರು. ಮಗು ಥೇಟ್ ನನ್ನ ಹಾಗೇ ಇತ್ತಂತೆ, ಅದಕ್ಕೇ ನಿಮಗೆ ನನ್ನ ಮುಖ ನೋಡೋಕೆ ಆಗ್ತಿಲ್ವಂತೆ. ಹೌದೇ? ಅವರು ಹೇಳಿ ಹೋದಾಗಿನಿಂದ ಕನ್ನಡಿಗೆ ಬಟ್ಟೆ ಮುಚ್ಚಿಟ್ಟಿದ್ದೇನೆ. ನೀವು ಹೌದು ಅಂತ ಬರೆದರೆ, ತೆಗೆದು ಅವಳನ್ನು ನೋಡುತ್ತೇನೆ.