ಮೂವತ್ತು ವರ್ಷ ಹಿಡಿದ ಜೋಡಣೆ

ಸತ್ತೂರ ಆಸ್ಪತ್ರೆ, ಮಂಗಳವಾರ

ಅಕ್ಕ ಹನುಮವ್ವನಿಗೆ ತಮ್ಮ ಯಮನಪ್ಪನ ನಮಸ್ಕಾರ.

ನಿನಗೆ ಫೋನಿನಲ್ಲಿ ಸರಿಯಾಗಿ ಕೇಳಿಸುವುದಿಲ್ಲ; ಅದಕ್ಕೆ ಊರಿಗೆ ಹೊರಟ ಕಲ್ಲೇಶನ ಕೈಯಲ್ಲಿ ಈ ಪತ್ರ ಕೊಟ್ಟಿದ್ದೇನೆ.

ನಿನ್ನೆ ಬಾಯಿಯಿಂದ ಕ್ಯಾಮೆರಾ ಇಳಿಸಿ ಹೊಟ್ಟೆ ನೋಡಿದರು. ಪರದೆಯ ಮೇಲೆ ನನಗೂ ತೋರಿಸಿದರು. ಹುಣ್ಣಾಗಿದೆಯೆಂದು ಮೂವತ್ತು ವರ್ಷದ ಹಿಂದೆ ಅರ್ಧ ಜಠರ ತೆಗೆದು, ಉಳಿದರ್ಧವನ್ನು ಕರುಳಿಗೆ ಹೊಲಿದಿದ್ದರಲ್ಲ, ಆ ಜೋಡಣೆಯನ್ನು ಕಣ್ಣಾರೆ ಕಂಡೆ. ಗರಗದ ಮಗ್ಗದಲ್ಲಿ ಲಕ್ಷ ಎಳೆ ಜೋಡಿಸಿದ್ದೇನೆ. ಅಂಥದೊಂದು ನನ್ನ ಕೈಯಿಂದ ಆಗಿಲ್ಲ. ನೋಡುತ್ತ ಹೆದರಿಕೆಯೇ ಮರೆತುಹೋಯಿತು.

ಅಲ್ಲೇ ಹಳದಿ ಪಿತ್ತ ಮಡುಗಟ್ಟಿ ನಿಂತಿತ್ತು. ಬೆಳಿಗ್ಗೆ ನಾನು ಕಹಿ ಕಾರಿದಾಗಲೆಲ್ಲ ನೀನು "ಪಿತ್ತ ಹೋತು, ಛಲೋ ಆತು ಬಿಡೋ ತಮ್ಮಾ" ಎಂದು ಲಿಂಬೆ ಪಾನಕ ಕೊಡುತ್ತಿದ್ದೆ. ಮೈ ಹಗುರಾಯಿತೆಂದು ನಾನೂ ನಂಬಿದ್ದೆ. ಅದನ್ನು ಹೇಳಿದರೆ ಡಾಕ್ಟರಬಾಯಿ ನಗಲಿಲ್ಲ. "ಹೊರಗ ಬಂದದ್ದು ಚೂರು ರೀ ಕಾಕಾ. ಉಳಿದದ್ದು ಇಷ್ಟ ವರ್ಷ ಒಳಗ ಸುಡಕೋತ ಬಂದೈತಿ" ಎಂದರು. ಹಾಗೆ ಸುಟ್ಟ ಜಾಗದಲ್ಲಿ ಕೆಲವರಿಗೆ ಕ್ಯಾನ್ಸರ್ ಹುಟ್ಟುತ್ತದಂತೆ. ಅಲ್ಲಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಶುಕ್ರವಾರ ತಿಳಿಯುತ್ತದೆ.

ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಪಾನಕ ಕೇಳಿ ಕುಡಿದವನು ನಾನು.

ಶುಕ್ರವಾರ ನೀನು ಇಲ್ಲಿಗೆ ಬರುವಾಗ ಟ್ರಂಕಿನ ತಳದಲ್ಲಿರುವ ಆಗಿನ ಆಸ್ಪತ್ರೆಯ ಕಾಗದ ತಾ. ಹೇಗೆ ಹೊಲಿದಿದ್ದಾರೆಂದು ಇವರು ನೋಡಬೇಕಂತೆ. ನನಗೆ ಬೇಕಾದದ್ದು ಅದರ ಕೆಳಗಿರುವ, ಅಂದು ಹೊಲಿದ ಡಾಕ್ಟರ ಸಹಿ. ಮೂವತ್ತು ವರ್ಷ ನನಗೆ ಉಣಿಸಿದ ಕೈಗಳಲ್ಲಿ ಒಂದು ನಿನ್ನದು. ಇನ್ನೊಂದು ಯಾರದೆಂದು, ಫಲಿತಾಂಶ ಕೇಳುವ ಮೊದಲು ತಿಳಿಯಬೇಕು.

ನಿನ್ನ ದಾರಿ ನೋಡುವ ತಮ್ಮ,
ಯಮನಪ್ಪ